ಮುಖ್ಯಸ್ಥರಿಗೆ ಬೆನ್ನು ತೋರಿಸಿದ ಸೌರಫಲಕದ ಕುರಿತು

ಸಂಖ್ಯೆ: ತಾಂ.ವಿ/ಯೋಜನೆ/ತಿರುವು/17

ವಿಷಯ: ಸೂರ್ಯನನ್ನು ಹಿಂಬಾಲಿಸುವ ಸೌರಫಲಕದ ನಡತೆ.

ಉಲ್ಲೇಖ: 1) ಮಂಗಳವಾರದ ಮೌಲ್ಯಮಾಪನ. 2) ವಿಭಾಗದ ಮುಖ್ಯಸ್ಥರ ಮೌಖಿಕ ಅಸಮಾಧಾನ.

ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿನಿಯರು, ಹೆಚ್ಚು ಬೆಳಕಿರುವ ಕಡೆಗೆ ತಾನಾಗಿ ತಿರುಗುವ ಸೌರಫಲಕವೊಂದನ್ನು ತಯಾರಿಸಿರುತ್ತಾರೆ. ಮೇಲ್ಛಾವಣಿಯಲ್ಲಿ ನಡೆಯಬೇಕಿದ್ದ ಪ್ರದರ್ಶನವನ್ನು, ಅಲ್ಲಿ ಬಿಸಿಲಿದ್ದ ಕಾರಣ, ಮುಖ್ಯಸ್ಥರ ಕೊಠಡಿಗೆ ಸ್ಥಳಾಂತರಿಸಲಾಗಿತ್ತು. ಫಲಕವು ಮುಖ್ಯಸ್ಥರ ಕುರ್ಚಿಯ ಮೇಲಿನ ಟ್ಯೂಬ್‌ಲೈಟಿನತ್ತ ತಿರುಗಿ ನಿಂತಿತು. ಇದನ್ನು ಗೌರವವೆಂದು ಪರಿಗಣಿಸಲಾಯಿತು. ಅಷ್ಟರಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು, ಕೆಳಗೆ ಬಿದ್ದ ಪೆನ್ನು ಹುಡುಕಲು ಮೊಬೈಲ್ ಟಾರ್ಚ್ ಹೊತ್ತಿಸಲಾಗಿ, ಫಲಕವು ಅವರತ್ತ ತಿರುಗಿ ಮುಖ್ಯಸ್ಥರಿಗೆ ಬೆನ್ನು ತೋರಿಸಿರುತ್ತದೆ. "ಅಯ್ಯೋ, ಇದೂ ಪಕ್ಷ ಬದಲಾಯಿಸ್ತಲ್ಲಪ್ಪಾ!" ಎಂದು ಅಟೆಂಡರ್ ನಕ್ಕಿದ್ದು ಪ್ರತ್ಯೇಕ ಕಡತದಲ್ಲಿದೆ.

ಸದರಿ ವಿದ್ಯಾರ್ಥಿನಿಯರ ಅಂಕಗಳನ್ನು ತಡೆಹಿಡಿಯಲಾಗಿದ್ದು, ಅವಿಲ್ಲದೆ ಅವರು ತೇರ್ಗಡೆಯಾಗುವಂತಿಲ್ಲ. ಆದುದರಿಂದ ಕೆಳಕಂಡಂತೆ ಆದೇಶಿಸಲಾಗಿದೆ:

1. ಫಲಕವು ತಿರುಗುವ ಮೂರು ದಿನ ಮುಂಚಿತವಾಗಿ ದಿಕ್ಕು, ಕೋನ ಮತ್ತು ಕಾರಣವನ್ನು ನಮೂದಿಸಿ ಅರ್ಜಿ ಸಲ್ಲಿಸತಕ್ಕದ್ದು.

2. ಮೋಡ ಕವಿದಾಗ ಅತ್ತಿತ್ತ ನೋಡುವುದು ಅಶಿಸ್ತು. ಇದ್ದಲ್ಲೇ ಇದ್ದು ಮೇಲಿನ ಆದೇಶಕ್ಕೆ ಕಾಯತಕ್ಕದ್ದು.

3. ಊಟದ ವಿರಾಮದಲ್ಲಿ ಸೂರ್ಯ ಚಲಿಸಿದರೂ ಫಲಕ ಚಲಿಸತಕ್ಕದ್ದಲ್ಲ. ಹೀಗೆ ಹಿಂದೆ ಬಿದ್ದ ಹದಿನೈದು ಡಿಗ್ರಿಗಳನ್ನು ಸಂಜೆ ಕಚೇರಿ ಮುಗಿದ ಮೇಲೆ ಸರಿದೂಗಿಸತಕ್ಕದ್ದು.

4. "ಅದಕ್ಕೆ ಸಾಹೇಬ್ರು ಯಾರು ಅಂತ ಗೊತ್ತಾಗಲ್ಲ ಸಾರ್, ಬೆಳಕು ಎಲ್ಲಿದೆ ಅಂತಷ್ಟೇ ಗೊತ್ತು" ಎಂಬ ವಿದ್ಯಾರ್ಥಿನಿಯ ಸಮಜಾಯಿಷಿಯನ್ನು ಒಪ್ಪಲಾಗಿಲ್ಲ. ಸಾಹೇಬರು ಯಾರೆಂದು ಅದಕ್ಕೆ ತಿಳಿಸಿ ಹೇಳುವುದು ತಯಾರಿಸಿದವರ ಹೊಣೆ.

5. ಮರುಪ್ರದರ್ಶನವು ಶುಕ್ರವಾರ ಹನ್ನೊಂದಕ್ಕೆ ಅದೇ ಕೊಠಡಿಯಲ್ಲಿ, ಸೂರ್ಯ ಅಡ್ಡಿಪಡಿಸದಂತೆ ಪರದೆ ಎಳೆದು ನಡೆಯತಕ್ಕದ್ದು. ಮುಖ್ಯಸ್ಥರ ಕುರ್ಚಿಯ ಮೇಲೆ ಇನ್ನೂ ಎರಡು ಟ್ಯೂಬ್‌ಲೈಟು ಅಳವಡಿಸತಕ್ಕದ್ದು. ಹೊಳೆಯುವ ಗಡಿಯಾರ ಮತ್ತು ಸ್ಟೀಲ್ ಡಬ್ಬಿಗಳನ್ನು ಬಾಗಿಲಾಚೆ ಇಡತಕ್ಕದ್ದು. ಪರೀಕ್ಷಕರು ಟೊಪ್ಪಿ ಧರಿಸತಕ್ಕದ್ದು; ಕಾರಣವನ್ನು ಅವರಿಗೆ ಖಾಸಗಿಯಾಗಿ ತಿಳಿಸಲಾಗುವುದು.

6. ಫಲಕವು ಮುಖ್ಯಸ್ಥರನ್ನು ಸತತ ಹತ್ತು ನಿಮಿಷ ನೋಡಿದಲ್ಲಿ ಮಾತ್ರ ಅಂಕಗಳನ್ನು ಬಿಡುಗಡೆ ಮಾಡಲಾಗುವುದು.

(ಸಹಿ)
ಅಧೀಕ್ಷಕಿ
ಮುಖ್ಯಸ್ಥರ ಪರವಾಗಿ

ಪ್ರತಿಗಳು:

1. ಇಬ್ಬರು ವಿದ್ಯಾರ್ಥಿನಿಯರಿಗೆ: ಫಲಕಕ್ಕೆ ಓದಿ ಹೇಳುವ ಸಲುವಾಗಿ.

2. ಪರೀಕ್ಷಕರಿಗೆ: ಟೊಪ್ಪಿ ಸಹಿತ.

3. ಸೂರ್ಯನಿಗೆ: ಒಂದೆಡೆ ನಿಲ್ಲದವರಾದ್ದರಿಂದ ಮೇಲ್ಛಾವಣಿಯ ಬಾಗಿಲಿಗೆ ಅಂಟಿಸಲಾಗಿದೆ.

4. ಕಡತಕ್ಕೆ, ನಂತರ ಸೇರಿಸಲಾದ ಈ ಷರಾದೊಂದಿಗೆ: ಶುಕ್ರವಾರ ಹನ್ನೊಂದಕ್ಕೆ ಕರೆಂಟು ಹೋಗಿ, ಮೂರೂ ಟ್ಯೂಬ್‌ಲೈಟು ಆರಿ, ಮರುಪ್ರದರ್ಶನ ನಡೆದಿರುವುದಿಲ್ಲ. ಅಂಕಪಟ್ಟಿ ಕಳುಹಿಸಲು ಅಂದೇ ಕೊನೆಯ ದಿನವಾದ್ದರಿಂದ, ಮುದ್ರಣ ಯಂತ್ರವನ್ನು ಮೇಲ್ಛಾವಣಿಗೆ ಹೊತ್ತೊಯ್ದು, ಸದರಿ ಫಲಕದ ವಿದ್ಯುತ್ತಿನಿಂದಲೇ ಪಟ್ಟಿಯನ್ನು ಮುದ್ರಿಸಲಾಗಿದೆ. ಆ ಇಬ್ಬರ ಅಂಕಗಳೂ ಅದರಲ್ಲಿ ಸೇರಿವೆ. ಮುಖ್ಯಸ್ಥರು ಬಿಸಿಲಿನಲ್ಲೇ ನಿಂತು ಸಹಿ ಮಾಡಿರುತ್ತಾರೆ. ಆ ಅವಧಿಯುದ್ದಕ್ಕೂ ಫಲಕವು ಅವರಿಗೆ ಬೆನ್ನು ಮಾಡಿಕೊಂಡಿದ್ದುದನ್ನು ಗಮನಿಸಲಾಗಿಲ್ಲ.