ಜೇನಿಗೊಂದು ಹೆಬ್ಬೆರಳು

ಮನೆಗೆ ಬಂದ ಹೆಂಗಸರನ್ನು ಕುಂಕುಮ ಕೊಡದೆ ಕಳಿಸಿದವಳಲ್ಲ ನಾನು. ಜಗಳಕ್ಕೇ ಬಂದಿರಲಿ, ಹೋಗುವಾಗ ಕುಂಕುಮದ ಬಟ್ಟಲು ಮುಂದೆ ಹಿಡಿದೇ ಕಳಿಸಿದ್ದೇನೆ. ಈ ಒಳ್ಳೆಯ ಗುಣವೇ ಒಂದು ದೊಡ್ಡ ಸಂಸಾರದ ಮನೆ ಹಾಳುಮಾಡಿತು ಎಂದರೆ ನೀವು ನಂಬಲಿಕ್ಕಿಲ್ಲ.

ಈಚೆಗೆ ಸೊಸೆ ಸುಧಾ ನನಗೆ ಮೊಬೈಲಿನಲ್ಲಿ ಟೈಪ್ ಮಾಡಲು ಕಲಿಸಿ, ದೇವರಾಜ ಅರಸು ಬಡಾವಣೆಯ ನಮ್ಮ ಬೀದಿಯವರ ವಾಟ್ಸಾಪ್ ಗುಂಪಿಗೆ ಸೇರಿಸಿದಳು. ಆದರೆ ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದ ಮಾತೇ ಮರೆತುಹೋಗುತ್ತಿತ್ತು. "ಏನೂ ಬರಿಬ್ಯಾಡ್ರಿ ಅತ್ತೆ. ಈ ಹೆಬ್ಬೆರಳು ಒತ್ತಿಬಿಡ್ರಿ, ನೋಡೀನಿ ಅಂತ ಅರ್ಥ" ಎಂದು ಸುಲಭ ದಾರಿ ತೋರಿಸಿದಳು. ಆಹಾ, ಇದು ಕುಂಕುಮವೇ ಅಲ್ಲವೆ! ಅಂದಿನಿಂದ ಗುಂಪಿಗೆ ಬಂದ ಒಂದು ಮಾತನ್ನೂ ನಾನು ಬರಿಹಣೆಯಲ್ಲಿ ಕಳಿಸಲಿಲ್ಲ. ನಾಳೆ ನೀರು ಬರಲ್ಲ ಎಂದರೂ ಹೆಬ್ಬೆರಳು, ಯಾರೋ ಕಾಲು ಮುರಿದುಕೊಂಡರು ಎಂದರೂ ಹೆಬ್ಬೆರಳು.

ಆಗಲೇ ನಮ್ಮ ಹಿತ್ತಲ ದಾಳಿಂಬೆ ಟೊಂಗೆಗೆ ಕೋಲುಜೇನು ಗೂಡು ಕಟ್ಟಿತು. ಅಟ್ಟಿಸಿಕೊಂಡು ಬರುವ ಹೆಜ್ಜೇನಲ್ಲ ಇದು. ಅಂಗೈಯಗಲದ ಗೂಡು, ಅಕ್ಕಿಕಾಳಿನಷ್ಟು ಹುಳು, ಬಲು ಸಾಧು. ಗೂಡಿನ ಮೇಲೆ ಒಂದಕ್ಕೊಂದು ಜೋತುಬಿದ್ದು ತಾವೇ ಕಂಬಳಿಯಾಗಿರುತ್ತವೆ. ನಾವು ಇರುವೆಗೆ ಸೀಮೆಸುಣ್ಣದ ಗೆರೆ ಎಳೆಯುವಂತೆ ಟೊಂಗೆಯ ಎರಡೂ ಬದಿಗೆ ಅಂಟು ಬಳಿಯುತ್ತವೆ. ಹೂವಿನ ಸುದ್ದಿ ತಂದವಳು ಗೂಡಿನ ನೆತ್ತಿಯ ಮೇಲೆ ಕುಣಿದು ಉಳಿದವರಿಗೆ ದಾರಿ ಹೇಳುತ್ತಾಳೆ. ಒತ್ತಕ್ಷರದ ತಾಪತ್ರಯವೇ ಇಲ್ಲ! ದಿನವೂ ಕಾಫಿ ಲೋಟ ಹಿಡಿದು ನಾನು ಅವುಗಳ ಎದುರಿಗೇ ಕೂರುತ್ತಿದ್ದೆ.

ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಜಂಬ ಬಿಡಬೇಕಲ್ಲ? ಎರಡು ಬೆರಳಿನಿಂದ ಸಾಧ್ಯವಾದಷ್ಟೂ ಹಿಗ್ಗಿಸಿ ಒಂದು ಫೋಟೋ ತೆಗೆದೆ. "ನಮ್ಮ ಮನೆ ಜೇನು" ಎಂದು ಗುಂಪಿಗೆ ಹಾಕಿ, ತಂಗಿ ಗಿರಿಜಾಳನ್ನು ನೋಡಲು ಹರಿಹರದ ಬಸ್ಸು ಹತ್ತಿದೆ. ಅವಳ ಕಟ್ಟೆಯ ಮೇಲೆ ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದರೆ ಮೊಬೈಲು ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು. ಕನ್ನಡಕ ಚೀಲದಲ್ಲಿ, ಕೈಯೆಲ್ಲ ಎಣ್ಣೆ.

"ಓದಿ ಒತ್ತೇ ಅಕ್ಕ" ಎಂದಳು ಗಿರಿಜಾ.

"ಓದೋದೇನೈತೆ, ಎಲ್ಲಾ ಹೊಗಳಿರ್ತಾರೆ" ಎಂದು ಒಂದೊಂದಕ್ಕೂ ಹೆಬ್ಬೆರಳು ಒತ್ತಿದೆ.

ಸಂಜೆ ಬಂದು ನೋಡಿದರೆ ದಾಳಿಂಬೆಯ ಕೆಳಗೆ ಎಳ್ಳು ಚೆಲ್ಲಿದಂತೆ ಹುಳು ಬಿದ್ದಿದ್ದವು. ಗೂಡಿಲ್ಲ. ಔಷಧಿಯ ಘಾಟು. ಪಕ್ಕದ ಮನೆಯ ಮೃತ್ಯುಂಜಯಪ್ಪ ಗೆದ್ದವರಂತೆ ನಿಂತಿದ್ದರು.

"ಬರ್ರಿ ಅಮ್ಮಾ, ಸ್ವಚ್ಛ ಮಾಡಿಸೀವಿ. ಹೆಜ್ಜೇನು ರೀ, ಒಂದೊಂದು ಇಷ್ಟು ಗಾತ್ರ!"

"ಯಾರನ್ನ ಕೇಳಿ ಮಾಡಿಸಿದ್ರಿ?"

"ನಿಮ್ಮನ್ನೇ! ಔಷಧಿ ಹೊಡೆಸಿಬಿಡಾಣೇನು ಅಂತ ಗುಂಪಿನಾಗ ಕೇಳಿದ್ರೆ, ಮೊದಲು ಹೆಬ್ಬೆರಳು ಎತ್ತಿದವ್ರೇ ನೀವು!"

ನಾನು ಒಂದು ಹುಳು ಹೆಕ್ಕಿ ಅವರ ಅಂಗೈಯಲ್ಲಿಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು. "ಫೋಟೋದಾಗ ದೊಡ್ಡದಿತ್ತಲ್ಲಮ್ಮಾ..." ಎಂದರು ಮೆಲ್ಲಗೆ. ದೊಡ್ಡದು ಮಾಡಿದವಳೂ ನಾನೇ, ಸಾಯಿಸಿ ಅಂದವಳೂ ನಾನೇ. ಹೂವಿಗೆ ಹೋಗಿದ್ದ ನಾಲ್ಕಾರು ಹುಳು ಕಾಲಿಗೆ ಪರಾಗ ಮೆತ್ತಿಕೊಂಡು ಆಗಷ್ಟೇ ಮರಳಿದ್ದವು. ಬರಿ ಟೊಂಗೆಯನ್ನು ಸುತ್ತಿದವು, ಮತ್ತೆ ಸುತ್ತಿದವು. ಆದದ್ದನ್ನು ಅವಕ್ಕೆ ತಿಳಿಸೋಣವೆಂದರೆ ನನಗೆ ಕುಣಿಯಲು ಬರುವುದಿಲ್ಲ.

ಮೊನ್ನೆ ಮೃತ್ಯುಂಜಯಪ್ಪ ಗುಂಪಿನಲ್ಲಿ ಕೇಳಿದ್ದರು: "ಹಾಗಲಬಳ್ಳಿ ತುಂಬ ಹೂ ಐತೆ, ಕಾಯೇ ಹಿಡೀತಿಲ್ಲ. ಯಾಕಿರಬೌದು?" ನಾನು ಕನ್ನಡಕ ಹಾಕಿಕೊಂಡು, ಒಂದು ಮಧ್ಯಾಹ್ನವಿಡೀ ಕೂತು, ಒತ್ತಕ್ಷರವನ್ನೆಲ್ಲ ಹುಡುಕಿ ಬರೆದೆ: "ಕಾಯಿ ಹಿಡಿಸೋರನ್ನ ನಾನೇ ಓದದೆ ಒತ್ತಿ ಕೊಲ್ಲಿಸೀನಿ. ಯಾರ ಮನ್ಯಾಗ ಜೇನು ಕಟ್ಟಿದ್ರೂ ಔಷಧಿ ಹೊಡೀಬ್ಯಾಡ್ರಿ, ಕೈ ಮುಗಿತೀನಿ."

ಕಳಿಸಿ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಬೀದಿಯವರೆಲ್ಲ ಅದರ ಕೆಳಗೆ ಹೆಬ್ಬೆರಳು ಎತ್ತಿದ್ದರು. ಓದಿ ಎತ್ತಿದರೋ, ಕುಂಕುಮ ಕೊಟ್ಟು ಕಳಿಸಿದರೋ? ಕೇಳೋಣವೆಂದರೆ ಕೇಳುವ ಮುಖ ನನಗೆಲ್ಲಿದೆ?