ಬಿಚ್ಚಿ ನೋಡಿದ ಬ್ಯಾಟರಿ

ಈ ಸಂಗತಿಯನ್ನು ಮೊದಲು ಹೇಳಿದವರು ತಾಜಸುಲ್ತಾನಪುರದ ನಬಿಸಾಬ್. ಕಲಬುರಗಿಯ ಸೋಡಿಯಂ ಬ್ಯಾಟರಿ ಕೇಂದ್ರದ ಗೇಟು ಕಾಯುವವರು. ಕಂಡದ್ದಕ್ಕೆ ಒಂದು ಮಾತು ಕೂಡಿಸುವವರಲ್ಲ.

ಕೇಂದ್ರದ ಹನ್ನೊಂದನೆಯ ನಿಯಮ ಹೀಗಿದೆ: "ಉಗ್ರಾಣಕ್ಕೆ ಬಂದ ಯಾವುದೇ ವಸ್ತುವನ್ನು ಬಿಚ್ಚಿ, ಒಳಗಿರುವುದನ್ನು ಕಣ್ಣಾರೆ ಕಂಡ ನಂತರವೇ ದಾಖಲಿಸತಕ್ಕದ್ದು." ಈ ನಿಯಮದ ದೆಸೆಯಿಂದ ಕೇಂದ್ರದಲ್ಲಿ ಇಂದಿನವರೆಗೆ ಒಂದು ಮೋಸವೂ ಆಗಿಲ್ಲ. ಬ್ಯಾಟರಿಯೂ ಆಗಿಲ್ಲ.

ಕಮಲಾಪುರದ ಮಲ್ಕಮ್ಮನ ಮಗಳು ಸುಷ್ಮಿತಾ ಅಲ್ಲಿ ಸಂಶೋಧಕಿ. ಚಾರ್ಜು ಮಾಡುವಾಗ ಸೋಡಿಯಂ ಬಂದು ತಂಗುವುದಕ್ಕೆ ಬ್ಯಾಟರಿಯೊಳಗೆ ಒಂದು ಮನೆ ಬೇಕು, ಅದೇ ಆನೋಡ್. ಆಕೆ ತಮ್ಮೂರ ಕೆಂಪು ಬಾಳೆಹಣ್ಣಿನ ಸಿಪ್ಪೆ ಒಣಗಿಸಿ, ಗಾಳಿಯಾಡದ ಭಟ್ಟಿಯಲ್ಲಿ ಸುಟ್ಟು, ಆ ಇದ್ದಿಲಿನಿಂದ ಆನೋಡ್ ಮಾಡಿದಳು. ಹಣ್ಣನ್ನೂ ಬಿಚ್ಚಿ ನೋಡಬೇಕಾದ್ದರಿಂದ ಏಳು ಜನರ ಉಪಸಮಿತಿ ರಚನೆಯಾಯಿತು. ಮಲ್ಕಮ್ಮ ಬುಟ್ಟಿಗಟ್ಟಲೆ ಕಳಿಸಿದಳು. ಉಪಸಮಿತಿ ಅವಧಿಗೆ ಮೊದಲೇ ತಿಂದು ಮುಗಿಸಿ, ಅವಧಿ ವಿಸ್ತರಣೆ ಕೋರಿತು.

ನಾಣ್ಯದಷ್ಟು ಅಗಲದ ಹನ್ನೆರಡು ಬ್ಯಾಟರಿ ಸಿದ್ಧವಾದವು. ಉಗ್ರಾಣದ ಧೀರೇಂದ್ರರಾಯರು ಕೈಕಾಲು ತೊಳೆದು, ಇಕ್ಕಳ ಹಿಡಿದು ಕುಳಿತರು.

"ರಾಯರ, ಬಿಚ್ಚಬ್ಯಾಡ್ರೀ. ಗಾಳಿ ತಾಗಿದ್ರ ಸಾಯ್ತಾವ."

"ತಂಗಿ, ನೋಡದ ಹೆಂಗ ಸಹಿ ಹಾಕಲಿ? ಒಳಗ ನೀ ಬೆಲ್ಲ ಇಟ್ಟಿದ್ರ?"

"ಬೆಲ್ಲ ಇಟ್ರ ಇರುವಿ ಬರ್ತಿದ್ವಲ್ರೀ."

"ಇರುವಿ ಪರೀಕ್ಷಾ ನಿಯಮದಾಗ ಇಲ್ಲ."

ಹನ್ನೆರಡನ್ನೂ ಬಿಚ್ಚಿದರು. ಆನೋಡ್ ಇತ್ತು. "ಸುಸ್ಥಿತಿಯಲ್ಲಿದೆ" ಎಂದು ಬರೆದು ಮುಚ್ಚಿದರು.

ಆಮೇಲೆ ಮಾಡಿದ ಹದಿಮೂರನೆಯದನ್ನು ಸುಷ್ಮಿತಾ ಉಗ್ರಾಣಕ್ಕೆ ಕೊಡದೆ ಊಟದ ಡಬ್ಬಿಯಲ್ಲಿಟ್ಟು ಹೊರಟಳು. ಗೇಟಿನಲ್ಲಿ ನಬಿಸಾಬ್ ತಡೆದರು.

"ಡಬ್ಯಾಗ ಏನದ ಬೇಟಿ?"

"ಜೀವ ಅದರೀ ಕಾಕಾ."

"ಹಂಗಾರ ಬಿಚ್ಚೂದು ಬ್ಯಾಡ. ಹೋಗು."

ತಿಂಗಳ ಕೊನೆಗೆ ಪರಿಶೀಲನಾ ಸಭೆ. ಆನೋಡ್ ಒಪ್ಪಿಗೆಯಾಗದಿದ್ದರೆ ಯೋಜನೆ ಅಂದೇ ಬಂದ್. ಆಕೆಯ ಎರಡು ವರ್ಷದ ದುಡಿಮೆ ನೀರುಪಾಲಾದಂತೆ. ಹನ್ನೆರಡು ಬ್ಯಾಟರಿಗಳನ್ನೂ ಅಳೆದರು. ಹನ್ನೆರಡೂ ಸೊನ್ನೆ.

"ಒಂದರಾಗೂ ಹೆಚ್ಚು ಕಮ್ಮಿ ಇಲ್ಲ," ಎಂದು ನಿರ್ದೇಶಕಿ ಶುಭದಾ ಮೆಚ್ಚಿದರು. "ಆದ್ರ ದೀಪ ಹತ್ತಬೇಕಲ್ಲ?"

ಸುಷ್ಮಿತಾ ಡಬ್ಬಿ ತೆರೆದು ಹದಿಮೂರನೆಯದಕ್ಕೆ ತಂತಿ ಜೋಡಿಸಿದಳು. ಪುಟ್ಟ ಕೆಂಪು ದೀಪ ಹತ್ತಿತು. ಸಭೆ ಕಣ್ಣು ಮಿಟುಕಿಸದೆ ನೋಡಿತು.

"ಇದರ ದಾಖಲಾ ನಂಬರ?"

"ಇಲ್ರೀ ಮೇಡಂ."

"ಹಂಗಾರ ಈ ಬ್ಯಾಟರಿನೇ ಇಲ್ಲ."

"ಉರಿಯಾಕತ್ತದಲ್ರೀ!"

"ನಂಬರಿಲ್ಲದ್ದು ಉರಿದ್ರ ಅದು ಅಗ್ನಿ ಅನಾಹುತ ಆಗ್ತದ. ದಾಖಲು ಮಾಡಸು. ಯೋಜನೆ ಉಳೀತದ."

ರಾಯರು ಇಕ್ಕಳ ತೆಗೆದರು. ಸುಷ್ಮಿತಾ ಇಕ್ಕಳಕ್ಕೆ ಕೈಚಾಚಿದಳು.

"ಕೊಡ್ರಿ. ನಾನೇ ಬಿಚ್ತೇನಿ."

ದೀಪ ಆರಿತು. ಆನೋಡ್ ಇತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹದಿಮೂರೂ ಏಕಸಮವೆಂದು ದಾಖಲಾಗಿ, ಯೋಜನೆಗೂ ಹಣ್ಣಿನ ಉಪಸಮಿತಿಗೂ ಮೂರು ವರ್ಷ ವಿಸ್ತರಣೆ ಸಿಕ್ಕಿತು.

ಸಂಜೆ ಮಲ್ಕಮ್ಮ ಫೋನು ಮಾಡಿದಳು. "ದೀಪ ಹತ್ತಿತೇನವ್ವ?"

"ಹತ್ತಿತ್ತವ್ವ. ಪಾಸೂ ಆತು."

"ಹಂಗಾರ ಇನ್ನೆರಡು ಬುಟ್ಟಿ ಕಳಸ್ಲಿ?"

"ಕಳಸು."

ಈಗ ಸುಷ್ಮಿತಾ ಸ್ವಂತದ್ದೊಂದು ಇಕ್ಕಳ ಇಟ್ಟುಕೊಂಡಿದ್ದಾಳೆ. ಬ್ಯಾಟರಿ ಮಾಡಿದ ಕೂಡಲೇ ತಾನೇ ಬಿಚ್ಚಿ ಕಳಿಸುತ್ತಾಳೆ. ರಾಯರಿಗೆ ತೊಂದರೆ ತಪ್ಪಿದೆ.

ಕೇಳಿದವರು ಈ ಕತೆಯನ್ನು ಇನ್ನೊಬ್ಬರಿಗೆ ದಾಟಿಸಬೇಕೆಂದು ವಿನಂತಿ. ನಬಿಸಾಬರು ಡಬ್ಬಿಯನ್ನು ಬಿಟ್ಟಂತೆ, ಬಿಚ್ಚದೆ ದಾಟಿಸಿರಿ.