ಬಚ್ಚಪ್ಪನ ಸೀಸೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಹೆಬ್ಬೆರಳುದ್ದದ ಒಂದು ಗಾಜಿನ ಸೀಸೆ. ಬಂಗಾರಪೇಟೆಯ ಡಾಕ್ಟರಮ್ಮ ಅದನ್ನು ಬಚ್ಚಪ್ಪನ ಕೈಗಿಟ್ಟು ಬಿಡಿಸಿ ಹೇಳಿದ್ದರು. "ನಿಮ್ಮ ಹೆಂಡ್ತಿಯಲ್ಲಿ ದೊಡ್ಡ ತೊಂದರೆ ಏನೂ ಕಾಣ್ತಿಲ್ಲ. ಬೆಂಗಳೂರಲ್ಲಿ ಗಾಜಿನ ಬಟ್ಟಲಲ್ಲಿ ಮಗು ಕೂಡಿಸ್ತಾರೆ, ನಿಜ. ಆದ್ರೆ ಗಂಡಸಿನ ಬೀಜದಲ್ಲೇ ಚುರುಕಿಲ್ಲದಿದ್ರೆ ಬಟ್ಟಲೇನು ಮಾಡುತ್ತೆ? ಮೊದಲು ನಿಮ್ಮದನ್ನ ನೋಡೋಣ. ಈ ಸೀಸೇಲಿ ಹಿಡಿದು, ಅಂಗಿಯೊಳಗೆ ಮೈಗೆ ತಾಗಿಸ್ಕೊಂಡು ಬೆಚ್ಚಗೆ ಬೇಗ ತನ್ನಿ."

ಕ್ಯಾಸಂಬಳ್ಳಿ ಪಕ್ಕದ ಹಳ್ಳಿಯಲ್ಲಿ ಬಚ್ಚಪ್ಪನಿಗಿದ್ದದ್ದು ಮೂರು ಸೀಮೆಹಸು, ಒಬ್ಬ ತಾಯಿ, ಒಬ್ಬ ಹೆಂಡತಿ. ಹೆಂಡತಿ ಮುನಿರತ್ನಮ್ಮ ಎಂದರೆ ಅವನಿಗೆ ಪ್ರಾಣ, ತಾಯಿ ಅಕ್ಕಯ್ಯಮ್ಮ ಎಂದರೆ ಪ್ರಾಣಭಯ. ಮದುವೆಯಾಗಿ ಒಂಬತ್ತು ವರ್ಷವಾದರೂ ತೊಟ್ಟಿಲು ಕಟ್ಟಲಿಲ್ಲವೆಂದು ಅಕ್ಕಯ್ಯಮ್ಮ ಸೊಸೆಯನ್ನು ತವರಿಗೆ ಅಟ್ಟಿ, ತನ್ನ ತಮ್ಮನ ಮಗಳನ್ನು ತರಲು ಹೊರಟಿದ್ದಳು. ಬಚ್ಚಪ್ಪ ಅತ್ತು ಕರೆದ ಮೇಲೆ ಒಂದು ಮಾತಿಗೆ ಇಳಿದಿದ್ದಳು: ಪರೀಕ್ಷೆಯಲ್ಲಿ ಕುಂದು ಮಗನದೇ ಎಂದಾದರೆ ಆ ಮದುವೆಯ ಸುದ್ದಿ ಎತ್ತುವುದಿಲ್ಲ. ಇವತ್ತು ಸಂಜೆಯೇ ತೀರ್ಮಾನ. ಮುನಿರತ್ನಮ್ಮನ ಅಣ್ಣ ವೆಂಕಟೇಶಪ್ಪನಿಗೂ ಹೇಳಿಕಳಿಸಿಯಾಗಿತ್ತು.

ಬೆಳಿಗ್ಗೆ ಬಚ್ಚಪ್ಪ ಸೀಸೆ ಹಿಡಿದು ಬಚ್ಚಲುಮನೆ ಸೇರಿದ. ಹೊರಗೆ ಅಕ್ಕಯ್ಯಮ್ಮ ಬಾಗಿಲು ಬಡಿಯತೊಡಗಿದಳು. "ಎಷ್ಟೊತ್ತಲಾ ಮೀಯೋದು? ನೀರಿನ ಸದ್ದೇ ಇಲ್ಲ, ಸತ್ಗಿತ್ತೋದ್ಯಾ?" ಇಂಥ ತಾಯಿಯ ದನಿ ಕೇಳುತ್ತ ಆ ಕೆಲಸ ಮುಗಿಸಿದ ಗಂಡಸಿಗೆ ಊರವರು ಸನ್ಮಾನ ಮಾಡಬೇಕಿತ್ತು.

ಕ್ಯಾಸಂಬಳ್ಳಿ ಬಸ್ ಸ್ಟಾಪಿನಲ್ಲಿ ಅವನು ಎದೆ ಒತ್ತಿ ಹಿಡಿದು ನಿಂತದ್ದು ಪಕ್ಕದ ಮನೆಯ ರಾಮಚಂದ್ರಪ್ಪನ ಕಣ್ಣಿಗೆ ಬಿತ್ತು. ಸುತ್ತಲ ಹಳ್ಳಿಗಳ ಹಸುಗಳಿಗೆ ಹೋರಿಯ ಬೀಜ ಸೇರಿಸಿ ಗಬ್ಬ ಮಾಡಿಸುವವನು ಅವನೇ.

"ಎದೆ ನೋವಾ ಬಚ್ಚಪ್ಪಣ್ಣ?"

ಬಚ್ಚಪ್ಪ ಕಿವಿಯಲ್ಲಿ ಉಸುರಿದ. ರಾಮಚಂದ್ರಪ್ಪ ಹೌಹಾರಿದ. "ಬೆಚ್ಚಗೆ ಮಡಗಿದ್ರೆ ಕೆಟ್ಟೋಗ್ತದೆ ಕಣಣ್ಣ! ನನ್ ಕ್ಯಾನಿನಾಗೆ ಓರಿ ಬೀಜ ವರ್ಸಗಟ್ಲೆ ಇರ್ತದೆ. ಯಾಕೆ? ತಣ್ಣಗಿರೋದ್ಕೆ!"

"ಡಾಕ್ಟರಮ್ಮ ಮೈಗೆ ತಾಗಿಸ್ಕೊಂಡ್ ಬಾ ಅಂದ್ರಲ್ಲಪ್ಪ."

"ಡಾಕ್ಟರಮ್ಮ ಎಷ್ಟು ಅಸ ಗಬ್ಬ ಮಾಡ್ಸವ್ರೆ?"

ಹಾಲು ಕರೆದು ಬದುಕುವವನಿಗೆ ಇದಕ್ಕಿಂತ ದೊಡ್ಡ ವಾದ ಬೇಕೇ? ಅವನ ಮೂರು ಹಸುಗಳೂ ಕರು ಹಾಕಿದ್ದು ರಾಮಚಂದ್ರಪ್ಪನ ಕೈಗುಣದಿಂದಲೇ. ಸೋಡಾ ಅಂಗಡಿಯಿಂದ ಐಸು ಬಂತು. ಬಚ್ಚಪ್ಪನ ಟಿಫನ್ ಡಬ್ಬಿಯಲ್ಲಿದ್ದ ಮುದ್ದೆ ಬೀದಿನಾಯಿಯ ಪಾಲಾಗಿ, ಆ ಜಾಗದಲ್ಲಿ ಐಸಿನ ನಡುವೆ ಸೀಸೆ ಕೂತಿತು.

ಬಸ್ಸಿನಲ್ಲಿ ಡಬ್ಬಿ ತೊಟ್ಟಿಕ್ಕಿತು. ಪಕ್ಕದ ಮುದುಕಿ ಮೂಗು ಮುಚ್ಚಿಕೊಂಡಳು. "ಮೀನೇನಪ್ಪ?"

ಕಂಡಕ್ಟರ್ ಕೂಗಿದ. "ಮೀನಾದ್ರೆ ಟಾಪ್ ಮೇಲೆ ಆಕ್ರೀ!"

"ಮೀನಲ್ಲ ಸಾಮಿ, ನಮ್ಮನೆ ವಂಶ!" ಎಂದು ಬಚ್ಚಪ್ಪ ಬಾಯಿ ತಪ್ಪಿ ಅಂದುಬಿಟ್ಟ. ಬಂಗಾರಪೇಟೆ ಬರುವವರೆಗೂ ಬಸ್ಸು ಅವನನ್ನೇ ನೋಡುತ್ತಿತ್ತು.

ಲ್ಯಾಬಿನ ಆರುಮುಗಂ ಕೆ.ಜಿ.ಎಫ್.ನಿಂದ ದಿನಾ ಬರುವವನು. ಸೀಸೆ ಮುಟ್ಟಿದವನೇ ಕೈ ಕೊಡವಿಕೊಂಡ. "ಅಯ್ಯಯ್ಯೋ, ಎನ್ನಪ್ಪಾ ಇದು? ಫ್ರಿಜ್ಜಲ್ಲಿ ಇಟ್ಟಿದ್ಯಾ?" ಬಚ್ಚಪ್ಪ ಹೋರಿ ಬೀಜದ ಲೆಕ್ಕ ಒಪ್ಪಿಸಿದ. ಆರುಮುಗಂ ಆದರೂ ಒಂದು ಹನಿ ಗಾಜಿನ ಮೇಲಿಟ್ಟು ನೋಡಿ ನಿಟ್ಟುಸಿರು ಬಿಟ್ಟ. "ಎಲ್ಲಾ ಪೋಚ್ಚು, ಸತ್ತೋಗಿದೆ. ಒಂದೂ ಅಲ್ಲಾಡ್ತಿಲ್ಲ. ಓರಿದು ಇಡೋ ರೀತಿನೇ ಬೇರೆ ಸಾಮಿ, ಬರೀ ಐಸಲ್ಲಿ ಇಟ್ರೆ ಸಾಯ್ತದೆ. ಇದು ಪರೀಕ್ಷೆನೇ ಅಲ್ಲ. ಇನ್ನೊಂದಿನ ಬೆಚ್ಚಗೆ ತಗೊಂಡು ಬಾ."

ಇನ್ನೊಂದು ದಿನ ಎಲ್ಲಿಂದ ತರುವುದು? ಸಂಜೆ ತೀರ್ಮಾನ. ವಾಪಸು ಬರುವಾಗ ಬಚ್ಚಪ್ಪನಿಗೆ ಹುಟ್ಟಿದಾಗಿನಿಂದ ಬಾರದ ಧೈರ್ಯ ಬಂತು. ಕುಂದು ತನ್ನದೇ ಎಂದುಬಿಟ್ಟರೆ ಮುನಿರತ್ನಮ್ಮ ಉಳಿಯುತ್ತಾಳೆ. ಮಾನ ಹೋದರೆ ಹೋಗಲಿ, ಅವಳಿಲ್ಲದ ಮನೆಯಲ್ಲಿ ಮಾನ ಇಟ್ಟುಕೊಂಡು ಏನು ಮಾಡುವುದು?

ಜಗಲಿಯಲ್ಲಿ ಅಕ್ಕಯ್ಯಮ್ಮ, ವೆಂಕಟೇಶಪ್ಪ, ಸಮಾಚಾರಕ್ಕೆಂದು ಬಂದ ರಾಮಚಂದ್ರಪ್ಪ, ಎಲ್ಲರೂ ಕಾದಿದ್ದರು.

"ಕುಂದು ನಂದೇ ಅವ್ವ," ಎಂದ ಬಚ್ಚಪ್ಪ. "ಒಂದಕ್ಕೂ ಜೀವ ಇಲ್ವಂತೆ. ಗಾಜಿನ ಬಟ್ಟಲಿಗೆ ಆಕಿದ್ರೂ ದಂಡ."

ಅಕ್ಕಯ್ಯಮ್ಮ ಬಾಯಿಗೆ ಸೆರಗಿಟ್ಟು ಕುಸಿದಳು. "ಅಂಗಾರೆ ಆ ಮದ್ವೆ ಮಾತು ನಾನಿನ್ನ ಎತ್ತಲ್ಲ."

ಬಚ್ಚಪ್ಪ ಗೆದ್ದಿದ್ದ. ಬಾಗಿಲಲ್ಲಿ ನಿಂತ ಮುನಿರತ್ನಮ್ಮನ ಕಣ್ಣಲ್ಲಿ ನೀರು ಕಂಡು ಅವನ ಎದೆ ತುಂಬಿತು. ಅವಳು ಒಳಗೆ ಹೋದಳು. ಬಂದಾಗ ಕೈಯಲ್ಲಿ ಬಟ್ಟೆಯ ಗಂಟಿತ್ತು.

ವೆಂಕಟೇಶಪ್ಪ ಎದ್ದ. "ತಂಗೀನ ಕಳಿಸ್ಬ್ಯಾಡ ಅಂತ ನಿನ್ ಕಾಲಿಡಿಯಾನ ಅಂತ ಬಂದಿದ್ದೆ ಭಾವ. ಈಗ ಕೆಲ್ಸ ಇಲ್ಲ. ಬಿಡುಗಡೆ ಮಾಡ್ಸಿ ಎಣ್ಣಿಗೆ ಇನ್ನೊಂದು ಕೂಡಿಕೆ ಮಾಡೋದು ನಮ್ಮಲ್ಲಿ ಒಸದೇನಲ್ಲ."

"ಸುಳ್ಳು! ನಾನ್ ಏಳಿದ್ದು ಸುಳ್ಳು!" ಬಚ್ಚಪ್ಪ ಅರಚಿದ. "ಐಸಿಗೆ ಸತ್ತಿದ್ದು! ಲೋ ರಾಮಚಂದ್ರ, ನೀನೇ ಅಲ್ವೇನ್ಲಾ ಐಸ್ ಇಡು ಅಂದಿದ್ದು?"

ಬೀಜ ಕೆಡಿಸಿದನೆಂಬ ಹೆಸರು ಬಂದರೆ ನಾಳೆಯಿಂದ ಯಾರೂ ತನ್ನನ್ನು ಹಸುವಿನ ಹತ್ತಿರ ಬಿಡುವುದಿಲ್ಲವೆಂದು ರಾಮಚಂದ್ರಪ್ಪನಿಗೆ ತಕ್ಷಣ ಹೊಳೆಯಿತು. "ನಾನಾ? ದೇವ್ರಾಣೆಗೂ ಇಲ್ಲಪ್ಪ!"

ಮುನಿರತ್ನಮ್ಮ ಕಣ್ಣೊರೆಸಿಕೊಂಡಳು. "ಒಂಬತ್ತು ವರ್ಸ ಅತ್ತೆ ನನ್ನ ಬಂಜೆ ಅಂದಾಗ ನೀವು ಬಾಯಿ ಬಿಡ್ಲಿಲ್ಲ. ಇವತ್ತು ಒಂದು ನಿಜ ಏಳಿದ್ರಿ, ಅದನ್ನೂ ಸುಳ್ಳು ಅನ್ಬ್ಯಾಡಿ. ನಂಗೂ ಒಂದು ಮಗು ಬೇಕು." ಅಣ್ಣನ ಹಿಂದೆ ನಡೆದವಳು ತಿರುಗಿ ನೋಡಲಿಲ್ಲ.

ಬಚ್ಚಪ್ಪ ಜಗಲಿಯ ಮೇಲೆ ಕುಕ್ಕರಿಸಿ, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. "ನಿಜವಾಗ್ಲೂ ಐಸಿಂದಲೇ ಸತ್ತಿದ್ದು. ಒಬ್ರೂ ನಂಬ್ಲಿಲ್ವಲ್ಲ!"

ಅಕ್ಕಯ್ಯಮ್ಮ ಹತ್ತಿರ ಬಂದು ಮಗನ ತಲೆ ಸವರಿದಳು. ಅವಳ ಮುಖದಲ್ಲಿ ಜೀವ ಬಂದಿತ್ತು.

"ನಾನು ನಂಬ್ತೀನಿ ಕಣೋ ನನ್ನಪ್ಪ," ಎಂದಳು. "ನಾಳೆ ಒತ್ತಾರೆನೇ ನನ್ ತಮ್ಮನ ಮನೆಗೆ ಓಗಿ ಎಣ್ಣು ಕೇಳ್ಕೊಂಡು ಬತ್ತೀನಿ."